ಕಾಣದ ಚಿತ್ರಕ್ಕೆ ಕಣ್ಣೀರು

೨೦೧೧ರಲ್ಲಿ ನಾನು ಮುಂಬಯಿ ಬಳಿಯ ಕಲ್ಯಾಣದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಶಾಲೆಯನ್ನು ನಡೆಸುತ್ತಿದ್ದುದು ಕನ್ನಡಿಗರ ಒಂದು ಸಂಘ. ಅದರ ಕಾರ್ಯದರ್ಶಿಯವರಿಗೆ ಠಾಣೆಯ ನೌಪಾಡಾದಲ್ಲಿ ಎರಡು ಹೋಟೆಲುಗಳಿದ್ದವು. ಶಾಲೆಯನ್ನು ಅವರು ಮೂರನೆಯದೆಂದು ತಿಳಿದಿದ್ದರು. ಆ ಶಾಲೆ ಈಗ ಮುಚ್ಚಿದೆ, ಆದ್ದರಿಂದ ಧೈರ್ಯವಾಗಿ ಹೇಳಬಹುದು.

ಆ ವರ್ಷ ನವಿ ಮುಂಬಯಿಯ ರಬಾಳೆಯಲ್ಲಿ ಒಬ್ಬ ಕಾರ್ಖಾನೆ ಮಾಲೀಕರು, ನಮ್ಮ ಕರಾವಳಿಯವರೇ, ನಿಂತುಹೋದ ತಮ್ಮ ಶೆಡ್ಡಿಗೆ ಸುಣ್ಣ ಬಳಿಸಿ ಆಧುನಿಕ ಕಲೆಯ ಮ್ಯೂಸಿಯಂ ತೆರೆದರು. ವಾರ್ಷಿಕೋತ್ಸವಕ್ಕೆ ಅವರೇ ಮುಖ್ಯ ಅತಿಥಿಗಳೆಂದು ಸಂಘ ತೀರ್ಮಾನಿಸಿತು. ಹತ್ತನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು, ಒಬ್ಬ ವಿದ್ಯಾರ್ಥಿನಿಯ ಅನಿಸಿಕೆಯನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುವುದು, ಅದನ್ನೇ ಅತಿಥಿಗಳ ಎದುರು ಓದಿಸುವುದು, ಇದು ಯೋಜನೆ.

ನಮ್ಮ ಕಡೆಯ ಸ್ಮರಣ ಸಂಚಿಕೆಗಳನ್ನು ಬಲ್ಲವರಿಗೆ ಗೊತ್ತು, ಜಾಹೀರಾತು ಕೈಸೇರಿದ ಕೂಡಲೇ ಅದು ಪ್ರೆಸ್ಸಿಗೆ ಹೋಗಬೇಕು. ಹೀಗಾಗಿ ಮಕ್ಕಳು ಬಸ್ಸು ಹತ್ತುವ ಮೊದಲೇ ಅವರ ಅನಿಸಿಕೆ ಅಚ್ಚಿಗೆ ಹೋಯಿತು. ಮ್ಯೂಸಿಯಮ್ಮಿನ ಇಂಗ್ಲಿಷ್ ಬ್ರೋಷರನ್ನು ಕಾರ್ಯದರ್ಶಿಯವರೇ ಕನ್ನಡಕ್ಕಿಳಿಸಿ, ಕೆಳಗೆ ವಿನಯಾ ಎಂಬ ಹುಡುಗಿಯ ಹೆಸರು ಹಾಕಿದರು. ತರಗತಿಯಲ್ಲಿ ತಡವರಿಸದೆ ಕನ್ನಡ ಓದುತ್ತಿದ್ದವಳು ಅವಳೊಬ್ಬಳೇ. ಬೇರೆ ತಪ್ಪನ್ನೇನೂ ಅವಳು ಮಾಡಿರಲಿಲ್ಲ. ಆ ಬರಹದ ಪ್ರಕಾರ, ಮೊದಲ ಹಾಲಿನ ದೊಡ್ಡ ನೀಲಿ ಚಿತ್ರದ ಎದುರು ನಿಂತಾಗ ಅವಳಿಗೆ ಕಣ್ಣೀರು ಬಂದಿತಂತೆ.

ಹೋದೆವು. ಮೊದಲ ಹಾಲಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಡೋಲಿನ ಸದ್ದು ಬರುತ್ತಿತ್ತು. ಮಾಲೀಕರ ಮಗನ ಮದುವೆಯ ಹಳದಿ, ಅಂದರೆ ಅರಿಶಿನ ಹಚ್ಚುವ ಶಾಸ್ತ್ರ, ಅಲ್ಲಿ ನಡೆದಿತ್ತು. ಉಳಿದ ಕೋಣೆಗಳಲ್ಲಿ ನಾವು ನೋಡಿದ್ದು ತೂತು ಬಿದ್ದ ಬಕೆಟ್ಟುಗಳು, ಒಂದೇ ಗೆರೆ ಎಳೆದ ಬಿಳಿ ಕ್ಯಾನ್ವಾಸು, ಹಳೆಯ ಫ್ಯಾನುಗಳ ಒಂದು ರಾಶಿ. ರಾಶಿಯ ಹೆಸರು ಇನ್‌ಸ್ಟಲೇಶನ್, ಅಂದರೆ ವಸ್ತುಗಳನ್ನು ಜೋಡಿಸಿಟ್ಟು ಆ ಜೋಡಣೆಯನ್ನೇ ಕಲಾಕೃತಿ ಎನ್ನುವುದು. ಯಾರಾದರೂ ನಿಂತು ನೋಡಿದರೆ ಕಾವಲಿನವನು ಮುಂದೆ ತಳ್ಳುತ್ತಿದ್ದ. ಕಲೆಯ ಮೇಲೆ ನನಗೆ ಹಗೆಯಿಲ್ಲ. ಅದನ್ನು ಮದುವೆಮನೆಯ ಅಲಂಕಾರ ಮಾಡಿಕೊಂಡವರ ಮೇಲೆ ಮಾತ್ರ ಅಂದಿಗೂ ಇಂದಿಗೂ ತಾತ್ಸಾರವೇ.

ಮರುದಿನ ನಾನು ಮಕ್ಕಳಿಂದ ಅವರವರ ಅನಿಸಿಕೆ ಬರೆಸಿದೆ. ಹೆಚ್ಚಿನದು ಅರ್ಥವಾಗಲಿಲ್ಲ, ಆದರೆ ಆ ಒಂದು ಗೆರೆಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕೆನಿಸಿತು ಎಂದು ವಿನಯಾ ಬರೆದಿದ್ದಳು. ನನಗೆ ಆ ಗೆರೆಯಲ್ಲಿ ಗೆರೆಯಷ್ಟೇ ಕಂಡಿತ್ತು.

ಆಮೇಲೆ ಸಂಚಿಕೆ ಬಂತು. ಅದನ್ನು ಹಿಡಿದುಕೊಂಡು ಅವಳು ಸ್ಟಾಫ್ ರೂಮಿಗೆ ಬಂದಳು.

"ನಾನು ಅತ್ತೇ ಇಲ್ಲ ಸರ್. ಕ್ಲಾಸಲ್ಲಿ ಎಲ್ಲಾ ಚಿಡಾಯಿಸ್ತಾರೆ. ನಾನು ಇದನ್ನ ಓದಲ್ಲ."

ಕಾರ್ಯದರ್ಶಿಯವರಿಗೆ ತಿಳಿಸಿದೆ. ಅವರು ಹುಡುಗಿಯನ್ನು ಕರೆಸಿ, ನನ್ನೆದುರೇ ಹೇಳಿದರು: "ಓದುದಿಲ್ವಾ? ಸರಿ. ನಿಂಗೆ ಇಂಟರ್ನಲ್ ಮಾರ್ಕು ಹೇಗೆ ಸಿಗ್ತದೆ ನೋಡುವ."

ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಶಾಲೆಯೇ ಕೊಡುವ ಆಂತರಿಕ ಅಂಕಗಳೂ ಸೇರುತ್ತವೆ; ಕಾಲೇಜು ಸೀಟು ಅವುಗಳ ಮೇಲೂ ನಿಂತಿರುತ್ತದೆ. ಹದಿನೈದರ ಹುಡುಗಿಯನ್ನು ಹೀಗೆ ಹೆದರಿಸಲು ಎಂಥ ಎದೆ ಬೇಕೋ ನಾನರಿಯೆ. ಅವಳು ತಲೆ ತಗ್ಗಿಸಿ ನಿಂತಳು, ಒಪ್ಪಲಿಲ್ಲ.

ಉತ್ಸವದ ದಿನ ಕಾರ್ಯದರ್ಶಿಯವರ ಮಗಳು ವಿನಯಾಳ ಪರವಾಗಿ ಓದಿದಳು. ಠಾಣೆಯ ಇಂಗ್ಲಿಷ್ ಶಾಲೆಯ ಮಗು. ಕನ್ನಡವನ್ನು ದೇವನಾಗರಿಯಲ್ಲಿ ಬರೆಸಿಕೊಂಡು ಬಂದಿತ್ತು. ಕಣ್ಣೀರಿನ ಸಾಲಿಗೆ ಚಪ್ಪಾಳೆ ಬಿತ್ತು. ಮಾಲೀಕರು ಕನ್ನಡಕ ಒರೆಸಿಕೊಂಡು, ಬರೆದ ಹುಡುಗಿಯನ್ನು ವೇದಿಕೆಗೆ ಕರೆಯಿರಿ ಎಂದರು. ಕಾರ್ಯದರ್ಶಿಯವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ವಿನಯಾ ಹತ್ತಿ ಬಂದಳು.

"ಹೇಳು ಮಗಾ, ಆ ನೀಲಿ ಚಿತ್ರದಲ್ಲಿ ನಿಂಗೆ ಎಂತ ಕಂಡಿತು?" ಎಂದು ಮಾಲೀಕರು ಮೈಕನ್ನು ಅವಳ ಮುಂದೆ ಹಿಡಿದರು.

"ಆ ಹಾಲ್ ಬಂದ್ ಇತ್ತು ಅಂಕಲ್. ಒಳಗೆ ನಿಮ್ಮ ಮನೆಯ ಹಳದಿ ಚಾಲೂ ಇತ್ತು. ಆ ಚಿತ್ರ ನಾನು ನೋಡಲೇ ಇಲ್ಲ."

ಮಾಲೀಕರು ಒಂದು ಕ್ಷಣ ಯೋಚಿಸಿ ಗಹಗಹಿಸಿ ನಕ್ಕರು.

"ಹೌದಲ್ಲ ಮಾರಾಯ್ರೆ, ಅರಿಶಿನ ಹಾರ್ತದೆ ಅಂತ ಅವತ್ತು ಚಿತ್ರಕ್ಕೆ ನಾವೇ ಬೆಡ್‌ಶೀಟ್ ಹೊದಿಸಿದ್ದು!"

ಅವರಿಗೆ ನಾಚಿಕೆಯಾಗಲಿಲ್ಲ. ಕಣ್ಣೀರು ಯಾರದೆಂದು ಕೇಳಲೂ ಇಲ್ಲ. ಶಾಲು, ಹಾರ ಹಾಕಿಸಿಕೊಂಡು, ಊಟ ಮಾಡಿ ಹೋದರು.

ಅಂಕ ಕತ್ತರಿಸಲು ನನಗೆ ಅಪ್ಪಣೆಯಾಯಿತು. ನಾನು ಪೂರ್ತಿ ಅಂಕ ಕೊಟ್ಟೆ. ಎಲ್ಲರಿಗೂ ಹೆದರುತ್ತಿದ್ದ ಮುಖ್ಯೋಪಾಧ್ಯಾಯರು ಅಂದು ಯಾಕೋ ನನಗೇ ಹೆಚ್ಚು ಹೆದರಿ ಸಹಿ ಹಾಕಿದರು. ಶಿಕ್ಷೆಯೆಂದು ನನ್ನನ್ನು ಸ್ಮರಣ ಸಂಚಿಕೆಯ ಸಮಿತಿಯಿಂದ ತೆಗೆದುಹಾಕಲಾಯಿತು. ಅಂಥ ದೊಡ್ಡ ಬಹುಮಾನವನ್ನು ಸಂಘ ನನಗೆ ಮತ್ತೆಂದೂ ಕೊಡಲಿಲ್ಲ.

ಪ್ರವಾಸಕ್ಕೆ ಮುಂಚೆಯೇ ಬೋರ್ಡಿನ ಮೇಲೆ ಮಾದರಿ ಪ್ರಬಂಧ ಬರೆದುಕೊಡುವ ರೂಢಿ ನಮ್ಮ ಶಾಲೆಯಲ್ಲಿತ್ತು. ಮರುವರ್ಷದಿಂದ ನನ್ನ ತರಗತಿಯಲ್ಲಿ ಅದು ನಿಂತಿತು. ಮಕ್ಕಳ ಬರಹ ಕೆಟ್ಟಿತು, ಕಾಗುಣಿತ ಹದಗೆಟ್ಟಿತು, ನೋಡಿದ ಜಾಗಕ್ಕಿಂತ ತಿಂದ ವಡಾಪಾವಿನ ವರ್ಣನೆಯೇ ಹೆಚ್ಚಾಯಿತು. ಆದರೆ ನಿವೃತ್ತಿಯವರೆಗೂ, ತಿದ್ದಲು ಕುಳಿತಾಗ, ಇದನ್ನು ಬರೆದವರು ಯಾರೆಂಬ ಅನುಮಾನ ನನಗೆ ಬರಲಿಲ್ಲ.