ಗೇಟಿಗೆ ಕಟ್ಟಿದ ಜೋಲಿ

ಇದು ಹೀಗೆಯೇ ನಡೆಯಿತೆಂದು ನಾನು ಆಣೆಯಿಟ್ಟು ಹೇಳಲಾರೆ. ದೊಡ್ಡಮ್ಮನ ಮನೆಯ ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರ್ ಕಾಣದೇ ಹೋಗಿದ್ದರೆ ಆ ಮಧ್ಯಾಹ್ನವನ್ನು ಕೆದಕುತ್ತಲೂ ಇರಲಿಲ್ಲ. ಕುಡುಮಲಕುಂಟೆಯ ಗಾರ್ಮೆಂಟ್ಸ್ ಕಾರ್ಖಾನೆಯವರು ಹಂಚಿದ್ದು ಅದು. ಮೇಲೆ ಅವರ ಶಿಶುವಿಹಾರದ ಚಿತ್ರ. ಕೆಳಗೆ, 'ತಾಯಂದಿರಿಗೆ ನಮ್ಮ ಪ್ರೀತಿಯ ಕೊಡುಗೆ.'

ಕೊಡುಗೆ! ನನಗೆ ನಗು ಬಂತು. ದೊಡ್ಡಮ್ಮ ಮಾತ್ರ ಅದರಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕುತ್ತಿದ್ದಳು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಎಂ.ಎ. ಮುಗಿಸಿ, ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆಯ ಮೇಲೆ ಯಾರೂ ಓದದ ದಪ್ಪ ಪ್ರಬಂಧವೊಂದನ್ನೂ ಬರೆದು, ಕೆಲಸವಿಲ್ಲದೆ ಗೌರಿಬಿದನೂರಿನಲ್ಲಿ ಬೈಕ್ ಓಡಿಸಿಕೊಂಡಿದ್ದೆ. ದೊಡ್ಡಮ್ಮನ ಮಗಳು ಮಂಜುಳ ಆ ಕಾರ್ಖಾನೆಯಲ್ಲಿ ಟೈಲರ್. ಹೆರಿಗೆ ರಜೆ ಮುಗಿಸಿ ಅವಳು ಕೆಲಸಕ್ಕೆ ಹೋದರೆ ಮನೆಯಲ್ಲಿ ಕೂಸು ಬಾಟಲಿ ಮುಟ್ಟಲಿಲ್ಲ. ಮಕ್ಕಳನ್ನು ಬಿಡಲು ಒಂದು ಕೋಣೆ ಕೊಡಿ ಎಂದು ಹೆಂಗಸರು ಕೇಳಿದ್ದಕ್ಕೆ ಸೂಪರ್‌ವೈಸರ್, "ಮಗು ಬೇಕೋ ಕೆಲ್ಸ ಬೇಕೋ, ನೀವೇ ನೋಡ್ಕೊಳಿ" ಎಂದನಂತೆ.

"ನಾಳೆಯಿಂದ ಬಿಟ್ಬಿಡ್ತೀನಮ್ಮ," ಎಂದಳು ಮಂಜುಳ.

"ನೀನ್ಯಾಕೇ ಬಿಡ್ಬೇಕು? ಊಟದ ಹೊತ್ಗೆ ಮಗೂನ ಅಲ್ಲಿಗೇ ತರ್ತೀನಿ." ದೊಡ್ಡಮ್ಮ ನನ್ನತ್ತ ತಿರುಗಿದಳು. "ಲೋ, ಬೈಕ್‌ಗೆ ಪೆಟ್ರೋಲ್ ಐತೇನೋ?"

ನಾನು ಬಹಿಷ್ಕಾರ, ಸಹಿ ಸಂಗ್ರಹ, ಮಾಧ್ಯಮದ ಒತ್ತಡ ಎಂದೆಲ್ಲ ವಿವರಿಸತೊಡಗಿದೆ. "ಅದ್ನೆಲ್ಲ ಆಮೇಲೆ ಹೇಳಪ್ಪ, ಮೊದ್ಲು ಗಾಡಿ ತೆಗಿ" ಎಂದಳು.

ದಿನಾ ಮಧ್ಯಾಹ್ನ ಮಂಜುಳ ಗೇಟಿನ ಬಳಿ ಬಂದು ಹಾಲುಣಿಸಿ ಹೋಗುವಳು. ನೋಡನೋಡುತ್ತ ಬೇರೆ ಅಜ್ಜಿಯರೂ ಕೂಸುಗಳನ್ನು ತಂದರು. ಘೋಷಣೆಯಿಲ್ಲ, ಬ್ಯಾನರಿಲ್ಲ, ಎಲೆ ಅಡಿಕೆ, ಅರ್ಧ ತೆಲುಗು ಅರ್ಧ ಕನ್ನಡದ ಹರಟೆ. ಬಸ್ಸಿನವರೆಲ್ಲ ಕತ್ತು ಚಾಚಿ ನೋಡುವರು. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯವರು ತಪಾಸಣೆಗೆ ಬಂದ ದಿನ, ದೊಡ್ಡಮ್ಮನ ಹಳೆ ಸೀರೆ ಗೇಟಿನ ಎರಡೂ ಬಾಗಿಲುಗಳ ಸರಳುಗಳಿಗೆ ಬಿಗಿದ ಜೋಲಿಯಾಗಿತ್ತು. ಒಳಗೆ ಕೂಸು.

"ಅಮ್ಮಾ, ಕಾರ್ ಬಂತು, ಬಿಚ್ಚಮ್ಮ," ಕಾವಲುಗಾರ ಅಂಗಲಾಚಿದ.

"ಮೆಲ್ಲಗ್ ಮಾತಾಡಪ್ಪ, ಈಗಿನ್ನೂ ಮಲಗೈತೆ. ಅವ್ರಿಗೇನ್ ಕಾಲಿಲ್ವಾ? ಇಳ್ದು ಚಿಕ್ಕ ಬಾಗ್ಲಲ್ಲಿ ಬರ್ಲಿ."

ಅವರು ಇಳಿದರು. ಯಾರ ಮಗು ಎಂದು ಕೇಳಿದರು. "ನಿಮ್ಮ ಷರ್ಟ್ ಹೊಲಿಯೋಳ್ದು" ಎಂದು ದೊಡ್ಡಮ್ಮ ಹೇಳಿದ್ದು ನನ್ನ ಕಿವಿಯಲ್ಲಿದೆ. ಇಷ್ಟು ಸೊಗಸಾದ ಮಾತನ್ನು ಆಮೇಲೆ ನಾನೇ ಅವಳ ಬಾಯಿಗೆ ಹಾಕಿದೆನೋ ಎಂಬ ಗುಮಾನಿಯೂ ಇದೆ. ಅಂತೂ ಕೆಲವು ತಿಂಗಳಲ್ಲಿ ಶಿಶುವಿಹಾರ ತೆರೆಯಿತು, ಮಂಜುಳಳ ಕೆಲಸ ಉಳಿಯಿತು. ಈಗ ಅವಳೇ ಆ ಕಾರ್ಖಾನೆಯಲ್ಲಿ ಸೂಪರ್‌ವೈಸರ್.

ಕ್ಯಾಲೆಂಡರ್ ಮುಂದೆ ನಾನು ಇದನ್ನೆಲ್ಲ ನೆನಪಿಸಿದರೆ ಮಂಜುಳಳೇ ತಳ್ಳಿಹಾಕಿದಳು: "ಜೋಲಿ ಕಟ್ಟಿದ್ದು ಹೊಂಗೆ ಮರಕ್ಕೆ ಕಣೋ. ನಿಂದೆಲ್ಲಾ ಸಿನಿಮಾ. ನಮ್ ಕಂಪ್ನಿಯವ್ರು ಒಳ್ಳೆ ಮನ್ಸಿಂದ್ಲೇ ಮಾಡಿದ್ರು."

ದೊಡ್ಡಮ್ಮನನ್ನು ಕೇಳಿದೆ. "ನೆರಳೆಲ್ಲಿತ್ತೋ ಅಲ್ಲಿ ಕಟ್ದೆ" ಎಂದಳು.

ನೀವೇ ಹೇಳಿ, ಮರಕ್ಕೆ ಕಟ್ಟಿದ್ದರೆ ಕಾರು ನಿಲ್ಲುತ್ತಲೇ ಇರಲಿಲ್ಲ. ಕ್ಯಾಲೆಂಡರಿನ ಮಾತೇ ದಿಟವಾಗುತ್ತಿತ್ತು. ಎರಡು ದಿನ ನಿದ್ದೆ ಸರಿಯಾಗಲಿಲ್ಲ. ಹೋದ ವಾರ ಮಂಜುಳಳನ್ನು ಕೆಲಸಕ್ಕೆ ಬಿಡುವ ನೆಪದಲ್ಲಿ ಹೋಗಿ ನೋಡಿಬಂದೆ. ಗೋಡೆಯ ಪಕ್ಕ ಹೊಂಗೆ ಮರ ಇದೆ, ಸುಳ್ಳಲ್ಲ. ಗೇಟಿನ ಮೇಲೆ, ಅಂಚು ತುಕ್ಕು ಹಿಡಿದ ತಗಡಿನ ಫಲಕವೂ ಇದೆ: 'ಗೇಟಿಗೆ ಸೀರೆ ಕಟ್ಟಬಾರದು.'