ಸತ್ಯಮೂರ್ತಿಯವರ ಏಳು ಪೆಟ್ಟಿಗೆಗಳು

ಸತ್ಯಮೂರ್ತಿ ಮೈಸೂರಿನವರು. ಇಂಜಿನಿಯರಾಗಿ ಮುಂಬಯಿಗೆ ಬಂದು ಆಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ಹನ್ನೊಂದು ವರ್ಷ ಕಳೆದಿದ್ದರು. ಕೊನೆಯ ನಾಲ್ಕು ವರ್ಷ ಒಬ್ಬರೇ. ಹೆಂಡತಿ ರಮಾಮಣಿಗೆ ಮೈಸೂರಿನಲ್ಲಿ ಟೀಚರ್ ಕೆಲಸ ಸಿಕ್ಕಿ, ಮಗಳು ಅಮ್ಮಣ್ಣಿಯನ್ನು ಕರೆದುಕೊಂಡು ಹೋಗಿದ್ದಳು. "ಆರು ತಿಂಗಳಲ್ಲಿ ನೀವೂ ವರ್ಗ ಮಾಡಿಸಿಕೊಂಡು ಬಂದ್ಬಿಡಿ" ಎಂದಿದ್ದಳು. ಇವರೂ ಧಾರಾಳವಾಗಿ ತಲೆಯಾಡಿಸಿದ್ದರು.

ಅವರನ್ನು ಹಿಡಿದು ಕೂರಿಸಿದ್ದು ಏಳು ಪೆಟ್ಟಿಗೆಗಳು. ಎಂಬತ್ತೇಳರಲ್ಲಿ ಅವರ ಕಚೇರಿ ಮಲಾಡಿನ ಒಂದು ನಾಲಾದ ಉದ್ದಕ್ಕೂ ಅವನ್ನು ಕಂಬಗಳ ಮೇಲೆ ಇಟ್ಟಿತ್ತು. ಪ್ರತಿ ಪೆಟ್ಟಿಗೆಯೂ ನೀರಿನ ಮಟ್ಟ ಅಳೆದು, ತಂತಿಯಿಲ್ಲದೆ ರೇಡಿಯೋದಲ್ಲೇ ಪಕ್ಕದ ಪೆಟ್ಟಿಗೆಗೆ ಹೇಳಬೇಕು. ಅದು ತನ್ನ ಪಕ್ಕದ್ದಕ್ಕೆ. ನೀರು ಏರಿದ ಸುದ್ದಿ ಪಂಪ್‌ಹೌಸಿಗೆ ಮುಟ್ಟಿ ಸೈರನ್ ಕೂಗಿದರೆ ದಂಡೆಯ ಜೋಪಡಿಯವರು ಮಕ್ಕಳುಮರಿ ಎತ್ತಿಕೊಂಡು ಓಡಬಹುದು.

ಕಾಗದದ ಮೇಲೆ ಇಷ್ಟೇ. ದಂಡೆಯ ಮೇಲೆ ನಿಂತಾಗ ಕಷ್ಟ ತಿಳಿಯಿತು. ಎರಡು ಪೆಟ್ಟಿಗೆ ಒಟ್ಟಿಗೆ ಬಾಯಿ ತೆರೆದರೆ ಎರಡೂ ಕೇಳಿಸುವುದಿಲ್ಲ. ಸದಾ ಎಚ್ಚರವಿದ್ದರೆ ವಾರದಲ್ಲಿ ಬ್ಯಾಟರಿ ಸಾಯುತ್ತದೆ. ನಿದ್ದೆಗೆ ಬಿಟ್ಟರೆ ಒಂದೊಂದರ ಗಡಿಯಾರ ಒಂದೊಂದು ದಾರಿ ಹಿಡಿದು, ಇದು ಕರೆದಾಗ ಅದು ಮಲಗಿರುತ್ತದೆ. ಎಲ್ಲರ ಸುದ್ದಿ ಹೊರುವ ಕಡೆಯ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಸುಸ್ತಾಗುತ್ತದೆ. ಪ್ರೋಗ್ರಾಮಿನ ಒಂದು ಸಾಲು ತಿದ್ದಬೇಕಾದರೂ ಏಳೂ ಕಂಬ ಹತ್ತಿ ಏಳೂ ಚಿಪ್ ಬದಲಿಸಬೇಕು. ನಾಲ್ಕು ವರ್ಷ ಸತ್ಯಮೂರ್ತಿ ಹತ್ತಿದರು, ಇಳಿದರು, ಮತ್ತೆ ಹತ್ತಿದರು.

ತಿದ್ದಿದ್ದನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಭಾಷಾಭಿಮಾನ ಎಂದುಕೊಳ್ಳಬೇಡಿ. ಹಿಂದೊಮ್ಮೆ ಅವರ ಇಂಗ್ಲಿಷ್ ಟಿಪ್ಪಣಿಯನ್ನು ಮೇಲಿನವನೊಬ್ಬ ತನ್ನ ಹೆಸರಿನಲ್ಲಿ ಒಪ್ಪಿಸಿ ಬಡ್ತಿ ಗಿಟ್ಟಿಸಿದ್ದ. ಈ ಸಲ ಯಾರು ಕದಿಯುತ್ತಾರೋ ನೋಡೇಬಿಡೋಣ ಎಂಬ ಹಟ. ಯಾರೂ ಕದಿಯಲಿಲ್ಲ, ನಿಜ. ಆದರೆ ವರ್ಗಾವಣೆಯ ಅರ್ಜಿ ಫೋರ್ಟಿನ ಹೆಡ್ ಆಫೀಸಿಗೆ ಹೋದಾಗ ಡೈರೆಕ್ಟರ್ ಸಾಹೇಬರು, ಇದನ್ನು ಓದಬಲ್ಲ ಇನ್ನೊಬ್ಬರಿಲ್ಲವಲ್ಲ ಮೂರ್ತಿ ಎಂದು ಅರ್ಜಿಯನ್ನು ಡ್ರಾಯರಿಗೆ ಸೇರಿಸಿದರು.

ಕನ್ನಡ ಬಲ್ಲವನೆಂದು ಸ್ಟೋರಿನ ಶಂಕ್ರೆಪ್ಪನನ್ನು ಕರೆಸಿದ್ದೂ ಆಯಿತು. ವಿಜಾಪುರದ ಆಸಾಮಿ ಒಂದು ಪುಟ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, ಸತ್ಯಮೂರ್ತಿಯವರ ಕಡೆ ತಿರುಗಿದ.

"ಓದಾಕೇನೋ ಓದಿದ್ನಿರಿ ಸಾಹೇಬ್ರ. ಒಂದ್ ಡಬ್ಬಿ ಇನ್ನೊಂದಕ್ಕ 'ನಂದ್ ಮುಗೀಲಿ, ಆಮ್ಯಾಲೆ ನೀ ಮಾತಾಡು' ಅಂತೈತಿ. ಇದ್ರಾಗ ಇಂಜಿನೇರಿಂಗ್ ಎಲ್ಲೈತ್ರಿ?"

ಕೊನೆಗೆ ತೊಂಬತ್ತೊಂದರಲ್ಲಿ ಸಾಹೇಬರು ಒಂದು ದಾರಿ ತೋರಿಸಿದರು. ಎಲ್ಲವನ್ನೂ ಇಂಗ್ಲಿಷಿಗೆ ಇಳಿಸಿ, ಬೇರೆಯವರು ಇದನ್ನು ನಡೆಸಬಲ್ಲರು ಎಂಬ ಕಾಗದಕ್ಕೆ ಸಹಿ ಹಾಕಿ, ಜೂನ್ ಒಂದಕ್ಕೆ ಮೈಸೂರಿಗೆ ಹೊರಡಬಹುದು. ಸುದ್ದಿ ತಿಳಿದ ರಮಾಮಣಿ ಅವರಿಗಾಗಿ ಒಂದು ಮಂಚ ತರಿಸಿದಳು.

ಬೇಸಿಗೆಯೆಲ್ಲ ಕೂತು ಇಂಗ್ಲಿಷಿಗೆ ಇಳಿಸಿದರು. ನಲವತ್ತಮೂರನೆಯ ಪುಟದಲ್ಲಿ ಪೆನ್ನು ನಿಂತಿತು. ಅಲ್ಲಿ ತಾವೇ ಬರೆದಿದ್ದರು: 'ಹೀಗೆ ಮಾಡಿದರೆ ನಡೆಯುತ್ತದೆ. ಯಾಕೆಂದು ತಿಳಿಯದು. ಮುಟ್ಟಬೇಡಿ.' ಅಂಥ ಪುಟಗಳು ಹನ್ನೊಂದು ಇದ್ದವು. ಕನ್ನಡದಲ್ಲಿ ಅದು ಮನೆಯ ಹಿರಿಯರ ಮಾತಿನ ಹಾಗಿತ್ತು. ಇಂಗ್ಲಿಷಿನಲ್ಲಿ ಬರೆದಾಗ ತಮ್ಮ ಅಜ್ಞಾನ ಬೆತ್ತಲೆಯಾಗಿ ಕಂಡು ನಾಚಿಕೆಯಾಯಿತು. ಹೊಸಬ ಮುಟ್ಟದೆ ಬಿಡುತ್ತಾನೆಯೆ? ತಾವಾಗಿದ್ದರೂ ಮುಟ್ಟುತ್ತಿದ್ದರು. ಮುಟ್ಟಿದರೆ ಸೈರನ್ ಕೂಗದೆಯೂ ಹೋಗಬಹುದು. ಹೋಗಲಿ, ಏನಾದರಾಗಲಿ, ಸಹಿ ಹಾಕಿಬಿಡುವುದೇ ಎಂದು ಮನಸ್ಸು ಗಟ್ಟಿಮಾಡಿಕೊಂಡರು.

ಮೇ ಕೊನೆಯಲ್ಲಿ ಕಡೆಯ ಸಲವೆಂದು ಮಲಾಡಿಗೆ ಹೋದರು. ಐದನೆಯ ಕಂಬದ ಬುಡದ ಜೋಪಡಿಯ ರಾಚವ್ವ ಎಂದಿನಂತೆ ಚಹಾ ಕೊಟ್ಟಳು.

"ಊರಿಗೆ ಹೊಂಟೀರಂತ. ಚಲೋ ಆತು ಬಿಡ್ರಿ. ಮೊದ್ಲೆಲ್ಲ ಮಳಿಗಾಲ ಬಂತಂದ್ರ ಮೊಮ್ಮಗಳನ್ನ ಅಟ್ಟದ ಮ್ಯಾಲೆ ಕಟ್ಟಿ ಮಲಗಸ್ತಿದ್ದೆ. ಈಗ ಕೆಳಗ ಮಲಗಸ್ತೀನ್ರಿ. ನೀರ್ ಏರಿದ್ರ ನಿಮ್ ಭೋಂಗಾ ಕೂಗತೈತಲ್ಲ."

ಸತ್ಯಮೂರ್ತಿ ಲೋಟ ಕೆಳಗಿಟ್ಟರು. ಮೊದಲು ಬಂದದ್ದು ಸಿಟ್ಟು. ಈ ಮುದುಕಿ ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಲೋಕಲ್ಲಿನಲ್ಲಿ ನಿಂತು ದಾದರ್ ತಲುಪುವವರೆಗೂ ಅವಳನ್ನು, ಪೆಟ್ಟಿಗೆಗಳನ್ನು, ತಮ್ಮನ್ನು ಮನಸಾರೆ ಬೈದುಕೊಂಡರು. ಮರುದಿನ ಕಾಗದವನ್ನು ಸಹಿಯಿಲ್ಲದೆ ಹಿಂತಿರುಗಿಸಿದರು.

ಭಾನುವಾರ ಎಸ್‌ಟಿಡಿ ಬೂತಿನಿಂದ ಮೈಸೂರಿನ ಪಕ್ಕದ ಮನೆಯವರಿಗೆ ಫೋನ್ ಮಾಡಿದರು. ಅವರು ರಮಾಮಣಿಯನ್ನು ಕರೆದರು.

"ಸಹಿ ಆಯ್ತಾ?"

"ಇಲ್ಲ ಕಣೆ. ಈ ಮಳೆಗಾಲ ಒಂದು ಮುಗೀಲಿ."

ರಮಾಮಣಿ ರಿಸೀವರನ್ನು ಮಗಳ ಕೈಗೆ ಕೊಟ್ಟಳು. ಹತ್ತು ವರ್ಷದ ಅಮ್ಮಣ್ಣಿಯ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಅಪ್ಪಾ, ನೀವು ಬರಲ್ಲಾಂತ ನಾನು ಅಮ್ಮಂಗೆ ಆಗ್ಲೇ ಹೇಳಿದ್ದೆ. ಆ ಮಂಚದ ಮೇಲೆ ನಾನು ಮಲಗ್ಲಾ?"

"ಮಲಕ್ಕೋ ಕಂದ" ಎಂದರು ಸತ್ಯಮೂರ್ತಿ.