ಬ್ರೇಕ್ ಪೆಡಲಿನ ಎಡ ಅಂಚು

ಮೂವತ್ತೊಂದು ವರ್ಷ ನಾನು ವಾಹನಗಳ ವಿಮಾ ಸರ್ವೇಯರ್ ಆಗಿದ್ದೆ. ಅಪಘಾತವಾದ ಲಾರಿ, ಬಸ್ಸು, ಕಾರುಗಳನ್ನು ನೋಡಿ ಹಾನಿ ಎಷ್ಟು, ಮಾಲೀಕರು ಹೇಳುವುದರಲ್ಲಿ ನಿಜ ಎಷ್ಟು ಎಂದು ಬರೆದುಕೊಡುವುದು ನನ್ನ ಕೆಲಸ. ಆ ಕೆಲಸದಲ್ಲಿ ಬೇಗನೆ ಕಲಿತ ಒಂದು ಕ್ರಮವಿತ್ತು. ವಾಹನದವರ ಎದುರು ತೀರ್ಮಾನ ಹೇಳಬಹುದು, ಕಾರಣ ಹೇಳಬಾರದು. ಯಾವ ಗುರುತು ನೋಡಿ ಸುಳ್ಳು ಹಿಡಿದೆ ಎಂದು ಒಬ್ಬರಿಗೆ ತಿಳಿಸಿದರೆ, ಮುಂದಿನ ವಾರ ಬರುವವರು ಆ ಗುರುತನ್ನು ಅಳಿಸಿಕೊಂಡೇ ಬರುತ್ತಾರೆ. ನಿವೃತ್ತನಾದ ಮೇಲೂ ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಕಾಪುವಿನ ಒಂದು ಮನೆಯಲ್ಲಿ ಅದರಿಂದ ಏನಾಯಿತು ಎಂಬುದನ್ನು ಆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಮಣಿಪಾಲದ ಒಬ್ಬ ಡಾಕ್ಟರಿಗೆ ಹಳೆಯ ಕಾರುಗಳ ಹುಚ್ಚು. ಕೊಳ್ಳುವ ಮೊದಲು ನನಗೆ ತೋರಿಸುತ್ತಾರೆ. ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ಫೋನ್ ಮಾಡಿ, ಕಾಪುವಿನಿಂದ ಇನ್ನಂಜೆಗೆ ಹೋಗುವ ದಾರಿಯಲ್ಲಿ ಅಮೆರಿಕದ ಕಾರೊಂದು ಮಾರಾಟಕ್ಕಿದೆ, ತನಗಿಂತ ಹಳೆಯದು, ಆದರೆ ಓಡಿದ್ದು ಬಹಳ ಕಡಿಮೆಯಂತೆ ಎಂದರು. ಮರುದಿನ ಬೆಳಿಗ್ಗೆ ನಾನು ಉಡುಪಿಯಿಂದ ಅವರ ಜೊತೆ ಹೊರಟೆ.

ಅದು ಬ್ಯಾರಿ ಕುಟುಂಬದ ಮನೆ. ಮನೆಯ ಹಿರಿಯರು ಬಹ್ರೇನಿನಲ್ಲಿ ಒಬ್ಬ ವ್ಯಾಪಾರಿಯ ಗೋದಾಮು ನೋಡಿಕೊಂಡಿದ್ದವರು. ಊರಿಗೆ ಮರಳುವಾಗ ಆ ವ್ಯಾಪಾರಿ ತಾನು ಬಳಸದೆ ಇಟ್ಟಿದ್ದ ಕಾರನ್ನು ಕೊಟ್ಟಿದ್ದರು. ಅದು ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ರಸ್ತೆಯಲ್ಲಿ ಕಾಪುವಿಗೆ ಬಂದಿತ್ತು. ಊರಿನವರು ಈ ಹಿರಿಯರನ್ನು ಹಾಜಿ ಎಂದೇ ಕರೆಯುತ್ತಾರೆ. ಎಂಟು ತಿಂಗಳ ಹಿಂದೆ ಅವರಿಗೆ ಎರಡನೆಯ ಸಲ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು, ಏಳಲು ಆಗುತ್ತಿರಲಿಲ್ಲ. ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಇದನ್ನೆಲ್ಲ ನಮಗೆ ಹೇಳಿದವರು ಅವರ ಮಗಳು. ಅವರು ಕಾಪುವಿನ ಶಾಲೆಯೊಂದರಲ್ಲಿ ಟೀಚರ್. ಕಾರಿನ ಶೆಡ್ಡು ತಂದೆಯ ಕೋಣೆಯ ಗೋಡೆಗೆ ತಾಗಿಕೊಂಡಿತ್ತು. ಅದನ್ನು ತೆಗೆದು ಗಾಲಿಕುರ್ಚಿ ಹೋಗುವಂಥ ಬಚ್ಚಲು ಕಟ್ಟಿಸಬೇಕು, ಹಾಗಾಗಿ ಕಾರು ಮಾರುವುದು ಎಂದರು.

ಮೀಟರಿನಲ್ಲಿ ಇಪ್ಪತ್ತೊಂದು ಸಾವಿರದ ಚಿಲ್ಲರೆ ಮೈಲಿ ಇತ್ತು. ಡಾಕ್ಟರು ನಿಜವೇ ಎಂದು ಕೇಳಿದರು.

"ಉಪ್ಪ ಇದನ್ನು ಶುಕ್ರವಾರ ಮಸೀದಿಗೆ ತೆಗೀತಿದ್ದರು, ಅಪರೂಪಕ್ಕೆ ಉಡುಪಿಗೆ," ಎಂದರು ಟೀಚರ್, ತಂದೆಯ ಬಗ್ಗೆ. "ಬಾಡಿಗೆಗೆ ಕೊಟ್ಟದ್ದಿಲ್ಲ. ಮದುವೆಗೆ ಕೇಳಿದವರಿಗೂ ಕೊಟ್ಟದ್ದಿಲ್ಲ. ಸ್ವಂತ ತಮ್ಮನ ಮಗಳ ಮದುವೆಗೇ ಕೊಡ್ಲಿಲ್ಲ."

ಮದುಮಗಳನ್ನು ಆ ಕಾರಿನಲ್ಲಿ ಕಳುಹಿಸಬೇಕೆಂದು ತಮ್ಮ ಕೇಳಿದ್ದರಂತೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಯಾರಿಗೂ ಕೊಡುವುದಿಲ್ಲ ಎಂದು ಹಾಜಿ ಹೇಳಿದ್ದರು. ಕಾರ್ಕಳದಲ್ಲಿರುವ ಆ ತಮ್ಮ ಅಂದಿನಿಂದ ಹನ್ನೊಂದು ವರ್ಷ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ನಾನು ಎರಡು ಗಂಟೆ ಕಾರು ನೋಡಿದೆ. ಸಮುದ್ರದ ಗಾಳಿಗೆ ತಳ ತುಕ್ಕು ಹಿಡಿದು ಹೋಗಿರಬಹುದು ಎಂದುಕೊಂಡಿದ್ದೆ. ಬಾಗಿಲುಗಳ ಕೆಳಗೆ ಬಿಟ್ಟರೆ ಹೆಚ್ಚು ಇರಲಿಲ್ಲ. ಸೀಟಿನ ಹೊಲಿಗೆ ಗಟ್ಟಿಯಾಗಿತ್ತು, ಡ್ರೈವರ್ ಕೂರುವ ಜಾಗ ಮಾತ್ರ ತಗ್ಗಾಗಿತ್ತು. ಕೊನೆಗೆ ಮಂಡಿಯೂರಿ ಪೆಡಲುಗಳನ್ನು ನೋಡಿದೆ. ಆ ಕಾರಿಗೆ ಕ್ಲಚ್ ಇಲ್ಲ, ಗೇರು ತಾನಾಗಿಯೇ ಬೀಳುತ್ತದೆ. ಹಾಗಾಗಿ ಎರಡೇ ಪೆಡಲು, ಬ್ರೇಕಿನದ್ದು ಅಂಗೈಗಿಂತ ಅಗಲ. ಅದರ ರಬ್ಬರಿನ ಎಡ ಅರ್ಧ ಪೂರ್ತಿ ಸವೆದು ನುಣ್ಣಗಾಗಿತ್ತು. ಎಡ ಅಂಚಿನಲ್ಲಿ ಕಬ್ಬಿಣವೇ ಕಾಣುತ್ತಿತ್ತು. ಬಾನೆಟ್ಟಿನ ಒಳಗೆ, ಪೆಡಲು ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಸಿಲಿಂಡರಿನ ಸುತ್ತ ಆಯಿಲ್ ಒಸರಿದ ಕಲೆ ಇತ್ತು.

ನನ್ನ ತಲೆಯಲ್ಲಿ ಎಲ್ಲವೂ ಒಂದೇ ಕ್ಷಣದಲ್ಲಿ ಕೂಡಿಕೊಂಡವು. ಕ್ಲಚ್ ಇರುವ ಗಾಡಿಯಲ್ಲಿ ಪಳಗಿದ ನಮ್ಮ ಡ್ರೈವರುಗಳಿಗೆ ಎಡಗಾಲನ್ನು ಸುಮ್ಮನೆ ಇಟ್ಟುಕೊಳ್ಳಲು ಬರುವುದಿಲ್ಲ. ಇಂಥ ಕಾರು ಕೊಟ್ಟರೆ ಎಡಗಾಲಿನಿಂದಲೇ ಬ್ರೇಕ್ ಒತ್ತುತ್ತಾರೆ. ಅಂದರೆ ಇದು ಸಂಬಳದ ಡ್ರೈವರುಗಳ ಕೈಯಲ್ಲಿ, ವರ್ಷಗಟ್ಟಲೆ, ಬಾಡಿಗೆಗೆ ಓಡಿದ ಕಾರು. ಮೀಟರಿನಲ್ಲಿ ಇರುವುದು ಐದೇ ಅಂಕಿ. ಲಕ್ಷ ದಾಟಿ ಮೊದಲಿನಿಂದ ಶುರುವಾಗಿರಬೇಕು, ಇಲ್ಲವೇ ಯಾರೋ ಹಿಂದಕ್ಕೆ ತಿರುಗಿಸಿರಬೇಕು. ಚಕ್ರ ಬಿಚ್ಚಿಸಿ ನೋಡುವುದು ಕ್ರಮ. ನಾನು ಬಿಚ್ಚಿಸಲಿಲ್ಲ. ನನಗೆ ಖಾತ್ರಿಯಾಗಿತ್ತು, ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬಿತ್ತು ಎಂಬ ಸಂತೋಷವೂ ಇತ್ತು. ಅದನ್ನು ಬರೆಯದೆ ಬಿಟ್ಟರೆ ಈ ಬರಹ ಸರಿಯಾಗುವುದಿಲ್ಲ.

ಫೋಟೋ ತೆಗೆದುಕೊಂಡು ಹೊರಗೆ ಬಂದೆ. ಶೆಡ್ಡಿನ ಬಾಯಿಯ ಹತ್ತಿರ, ಹಾಜಿಯವರ ಕೋಣೆಯ ತೆರೆದ ಕಿಟಕಿಯ ಕೆಳಗೆ ನಿಂತು ಡಾಕ್ಟರಿಗೆ ಹೇಳಿದೆ, "ಮೀಟರ್ ನಂಬುವ ಹಾಗಿಲ್ಲ. ಇದು ಬಾಡಿಗೆಗೆ ಓಡಿದ ಗಾಡಿ."

ಟೀಚರ್ ನನ್ನನ್ನೇ ನೋಡಿದರು. "ಎಂತ ನೋಡಿ ಹೇಳ್ತೀರಿ ಸಾರ್?"

"ಅದು ನಮ್ಮ ಕೆಲಸದ ವಿಷಯ, ಟೀಚರ್," ಎಂದೆ.

ಆಗ ಕಿಟಕಿಯ ಒಳಗಿನಿಂದ ಒಂದು ಸ್ವರ ಬಂತು. ಮಾತಲ್ಲ. ಗಂಟಲಿನಿಂದ ಎಳೆದು ಬಂದ ಸ್ವರ. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಮತ್ತೊಮ್ಮೆ. ನೀರು ಬೇಕಾಗಿರಬೇಕು ಎಂದು ಟೀಚರ್ ಒಳಗೆ ಹೋದರು. ಅವರು ಮರಳಿ ಬರುವವರೆಗೂ ನಾವು ಕಾಯಲಿಲ್ಲ. ದಾರಿಯಲ್ಲಿ ಡಾಕ್ಟರು, ಅವರಿಗೆ ಬೇಸರವಾಯಿತೇನೋ ಎಂದರು. ಮಾರುವವರಿಗೆ ಬೇಸರ ಆಗಿಯೇ ಆಗುತ್ತದೆ ಎಂದೆ.

ಡಾಕ್ಟರು ಕಾರು ಬೇಡವೆಂದರು. ನಾನು ಅದನ್ನು ಮರೆತೆ.

ಸುಮಾರು ಒಂದು ತಿಂಗಳ ಮೇಲೆ, ನನ್ನ ಮೊಬೈಲಿನಲ್ಲಿ ಜಾಗ ತುಂಬಿ, ಹಳೆಯ ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾ ಕುಳಿತಿದ್ದೆ. ಆ ಪೆಡಲುಗಳ ಫೋಟೋ ಬಂತು. ಬ್ರೇಕಿನ ಪಕ್ಕದಲ್ಲಿ ಆಕ್ಸಿಲರೇಟರ್ ಪೆಡಲು. ದೊಡ್ಡದು ಮಾಡಿ ನೋಡಿದೆ. ಅದರ ರಬ್ಬರಿನ ಗೆರೆಗಳು ಅಚ್ಚಿನಿಂದ ತೆಗೆದ ಹಾಗೆಯೇ ಚೂಪಾಗಿದ್ದವು. ಬರೀ ಬ್ರೇಕ್ ಒತ್ತಿಕೊಂಡು ಯಾವ ಕಾರೂ ಲಕ್ಷ ಮೈಲಿ ಹೋಗುವುದಿಲ್ಲ. ಇದು ಆ ದಿನವೂ ನನ್ನ ಕಣ್ಣೆದುರೇ ಇತ್ತು, ಒಂದು ಗೇಣು ಬಲಕ್ಕೆ.

ಹಾಗಾದರೆ ಬ್ರೇಕ್ ಸವೆದದ್ದು ಹೇಗೆ, ಅದೂ ಎಡಗಾಲಿನಿಂದ? ಆ ಮಧ್ಯಾಹ್ನವಿಡೀ ಯೋಚಿಸಿದೆ. ಸಂಜೆಯ ಹೊತ್ತಿಗೆ ಟೀಚರಿಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳಿದೆ. ಅವರು ಫೋನ್ ಇಡಲಿಲ್ಲ.

"ನಿಮ್ಮ ತಂದೆಗೆ ಮೊದಲ ಸಲ ಸ್ಟ್ರೋಕ್ ಆದಾಗ ಯಾವ ಕಡೆಯ ಬಲ ಹೋಗಿತ್ತು, ಟೀಚರ್?"

"ಎಡಗಡೆ. ಯಾಕೆ?"

ಪೆಡಲಿನ ಕತೆ ಹೇಳಿದೆ. ಅವರು ಪೂರ್ತಿ ಕೇಳಿ, ನಿಧಾನವಾಗಿ ಹೇಳತೊಡಗಿದರು. ಮೊದಲ ಸ್ಟ್ರೋಕ್ ಆದಾಗ ಫಿಸಿಯೋಥೆರಪಿಯವರು ಮಲಗಿ ಕಾಲು ಎತ್ತುವ, ಒತ್ತುವ ವ್ಯಾಯಾಮ ಹೇಳಿಕೊಟ್ಟಿದ್ದರಂತೆ. ಮಕ್ಕಳ ಹಾಗೆ ಮಲಗಿ ಕಾಲು ಆಡಿಸಲು ತನ್ನಿಂದಾಗದು ಎಂದು ಹಾಜಿ ಹಠ ಹಿಡಿದರು. ಮಾಡಿಸಲು ಹೋಗಿ ಮಗಳು ಸೋತರು. ಆದರೆ ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಹೋಗಿ, ಕಾರಿನಲ್ಲಿ ಒಂದು ಗಂಟೆ ಕೂರುತ್ತಿದ್ದರು. ಸ್ಟಾರ್ಟ್ ಮಾಡುತ್ತಿರಲಿಲ್ಲ. ಸುಮಾರು ನಾಲ್ಕು ವರ್ಷ ಹೀಗೆ. ಒಳಗೆ ಏನು ಮಾಡುತ್ತಾರೆಂದು ಮಗಳು ಬಗ್ಗಿ ನೋಡಿರಲಿಲ್ಲ. ಆಚೆ ಮನೆಯವರು ಬೇಲಿಯಿಂದ, "ಹಾಜಿ, ಮಂಗಳೂರಿಗೆ ಹೋಗಿ ಬಂದ್ರಾ?" ಎಂದು ತಮಾಷೆ ಮಾಡುತ್ತಿದ್ದರಂತೆ. "ಇಲ್ಲ ಮಾರಾಯ, ಸುರತ್ಕಲ್ ತನಕ ಮಾತ್ರ, ಟ್ರಾಫಿಕ್ ಉಂಟು," ಎನ್ನುತ್ತಿದ್ದರಂತೆ ಹಾಜಿ. ವರ್ಷ ತುಂಬುವ ಮೊದಲೇ ಅವರು ಕೋಲು ಹಿಡಿದು ಮಸೀದಿಗೆ ನಡೆದು ಹೋಗುವಂತಾದರು.

"ಮಾತ್ರೆಯಿಂದ ಗುಣ ಆಯ್ತು ಅಂತ ನಾನು ತಿಳ್ಕೊಂಡಿದ್ದೆ. ಎಡಗಾಲಲ್ಲಿ ಬ್ರೇಕ್ ಒತ್ತಿ ಒತ್ತಿ ವ್ಯಾಯಾಮ ಮಾಡ್ತಿದ್ದರು ಅಂತ ಈಗ ಗೊತ್ತಾಯ್ತು," ಎಂದರು. ಆಮೇಲೆ, ಸ್ವರ ಏರಿಸದೆ, "ಪೆಡಲ್ ಅಂತ ಆ ದಿನ ಒಂದು ಮಾತು ಹೇಳಿದ್ದರೆ ನಾನು ಅಲ್ಲೇ ಹೇಳ್ತಿದ್ದೆ, ಅಲ್ವಾ ಸಾರ್?"

ಹೌದು ಟೀಚರ್ ಎಂದೆ.

ಆ ಒಂದು ತಿಂಗಳಲ್ಲಿ ನಡೆದದ್ದನ್ನು ಅವರು ಹೇಳಿದರು. ಕಾರು ಬಾಡಿಗೆಗೆ ಓಡಿದ್ದು ಎಂಬ ಮಾತು ಅವರಿವರ ಬಾಯಿಯಿಂದ ಕಾರ್ಕಳ ಮುಟ್ಟಿತು. ಹನ್ನೊಂದು ವರ್ಷದ ಮೇಲೆ ತಮ್ಮ ಬಂದರು. ಕೂರಲಿಲ್ಲ. ಮಂಚದ ಹತ್ತಿರ ನಿಂತು, ಊರಿನವರಿಗೆಲ್ಲ ಕೊಟ್ಟೆ, ನನ್ನ ಮಗಳಿಗೆ ಮಾತ್ರ ಇಲ್ಲ ಅಂದೆ ಅಲ್ಲವಾ ಎಂದು ಕೇಳಿ ಹೊರಟುಹೋದರು.

"ಅದಕ್ಕಿಂತ ಮೊದಲು ನಾನೇ ಕೇಳಿದ್ದೆ ಸಾರ್," ಎಂದರು ಟೀಚರ್. "ನಾನು ಆರು ವರ್ಷ ಗಂಡನ ಜೊತೆ ಸೌದಿಯಲ್ಲಿದ್ದೆ. ಆಗ ಇಲ್ಲಿ ಎಂತ ಆಗಿದೆ ಅಂತ ನನಗೇನು ಗೊತ್ತು? ಬಾಡಿಗೆಗೆ ಬಿಟ್ಟಿದ್ದಿರಾ ಉಪ್ಪ ಅಂತ ಕೇಳಿದೆ. ಅಂದಿನಿಂದ ಅವರು ಗೋಡೆಯ ಕಡೆ ಮುಖ ಮಾಡಿಯೇ ಮಲಗುವುದು."

ನಾಳೆಯೇ ಬಂದು ಅವರೆದುರು ಹೇಳುತ್ತೇನೆ ಎಂದೆ. ಮೊದಲು ಕಾರ್ಕಳಕ್ಕೆ ಹೋಗಿ ಎಂದರು. ತಾನು ಹೇಳಿದರೆ ಅದು ಮಗಳ ಮಾತು ಎಂದಾಗುತ್ತದೆ.

ತಮ್ಮನದು ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ನಾನು ಮಾತಾಡುವಾಗ ಅವರು ಪೆಟ್ಟಿಗೆಗಳನ್ನು ಜೋಡಿಸುವುದನ್ನು ನಿಲ್ಲಿಸಲಿಲ್ಲ. ಫೋಟೋ ತೋರಿಸಿದಾಗ ಮಾತ್ರ ಕನ್ನಡಕ ಹಾಕಿಕೊಂಡರು.

"ಆವತ್ತು ಓಡಿದೆ ಅಂದದ್ದೂ ನೀವೇ. ಇವತ್ತು ಓಡ್ಲಿಲ್ಲ ಅನ್ನುವುದೂ ನೀವೇ. ಯಾವುದನ್ನು ನಂಬುವುದು ಮಾರಾಯ್ರೆ?"

ನನ್ನನ್ನು ನಂಬಬೇಡಿ, ಚಕ್ರ ಬಿಚ್ಚುವಾಗ ಬಂದು ನೋಡಿ ಎಂದೆ. ಏನು ಕಂಡರೆ ಏನರ್ಥ ಎಂದು ಮೊದಲೇ ವಿವರಿಸಿದೆ. ಚಕ್ರದ ಒಳಗಿನ ಡ್ರಮ್ಮಿಗೆ ಒತ್ತಿಕೊಳ್ಳುವ ಲೈನಿಂಗ್ ಇರುತ್ತದೆ; ಕಾರು ಓಡಿದ್ದರೆ ಅದು ತೆಳ್ಳಗಾಗಿರುತ್ತದೆ, ನಿಂತಲ್ಲೇ ಬ್ರೇಕ್ ಒತ್ತಿದರೆ ಸವೆಯುವುದಿಲ್ಲ. ಬಿಚ್ಚುವ ಮೊದಲೇ ಕಾರಣ ಹೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಮತ್ತೆ ತಪ್ಪಿದರೆ ಎಂಬ ಹೆದರಿಕೆಯಲ್ಲೇ ನಾನು ಉಡುಪಿಗೆ ಮರಳಿದೆ.

ಭಾನುವಾರ ತಮ್ಮ ಕಾಪುವಿನ ಮನೆಗೆ ಬಂದರು. ಉಡುಪಿಯಿಂದ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ನಟ್ಟುಗಳು ಹಿಡಿದುಹೋಗಿದ್ದವು; ಒಂದು ಚಕ್ರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಡ್ರಮ್ ಹೊರಗೆ ಬಂದಾಗ ಎಲ್ಲರೂ ಬಗ್ಗಿ ನೋಡಿದೆವು. ಲೈನಿಂಗ್ ದಪ್ಪವಾಗಿತ್ತು.

"ಹೊಸತು ಹಾಕಿಸಿರಬಹುದಲ್ಲ?" ಎಂದರು ತಮ್ಮ. ಸರಿಯಾದ ಪ್ರಶ್ನೆ. ಲೈನಿಂಗ್ ಬದಲಿಸಬಹುದು, ಓಡಿದ ಕಾರಿನ ಡ್ರಮ್ಮಿನಲ್ಲಿ ಗೀರು ಬಿದ್ದು ಅಂಚು ಎದ್ದಿರುತ್ತದೆ ಎಂದು ಮೆಕ್ಯಾನಿಕ್ ಡ್ರಮ್ಮನ್ನು ಅವರ ಮುಂದೆ ಹಿಡಿದರು. ತಮ್ಮ ಒಳಗೆ ಬೆರಳಿಟ್ಟು ಪೂರ್ತಿ ಒಂದು ಸುತ್ತು ಸವರಿದರು. ಆಮೇಲೆ ಮತ್ತೊಂದು ಸುತ್ತು. ಬೆರಳಿಗೆ ಏನೂ ತಡೆಯಲಿಲ್ಲ. ಅವರು ಕೈಗೆ ಮೆತ್ತಿದ ಕಪ್ಪನ್ನು ಒರೆಸಿಕೊಳ್ಳದೆ ನಿಂತರು.

ನಾವು ಒಳಗೆ ಹೋದೆವು. ಹಾಜಿಯವರು ಗೋಡೆಯ ಕಡೆ ತಿರುಗಿ ಮಲಗಿದ್ದರು. ನನಗೆ ಅವರ ಬೆನ್ನು, ಕಿವಿ, ಒಂದು ಕೆನ್ನೆ ಕಾಣುತ್ತಿತ್ತು. ಉಸಿರು ನಿದ್ದೆಯವರದ್ದಾಗಿರಲಿಲ್ಲ.

"ಹಾಜಿಯವರೇ," ಎಂದೆ. "ನೀವು ಹೇಳಿದ್ದು ನಿಜ. ತಪ್ಪು ನನ್ನದು." ನಾನು ಆ ದಿನ ನೋಡಿದ್ದು ಯಾವುದು, ಅದರಿಂದ ಏನು ಊಹಿಸಿದೆ, ನೋಡದೆ ಬಿಟ್ಟದ್ದು ಯಾವುದು, ಈಗ ಚಕ್ರದಲ್ಲಿ ಏನು ಸಿಕ್ಕಿತು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ತಿರುಗಲಿಲ್ಲ. ತಮ್ಮ ಮಂಚದ ಕಾಲ ಬದಿಯಲ್ಲಿ ಕುಳಿತು ಬ್ಯಾರಿ ಭಾಷೆಯಲ್ಲಿ ಎರಡು ಮೂರು ಮಾತು ಆಡಿದರು. ನನಗೆ ಆ ಭಾಷೆ ಬರುವುದಿಲ್ಲ. ಟೀಚರ್ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡರು. ಹಾಜಿಯವರು ಆಗಲೂ ತಿರುಗಲಿಲ್ಲ.

"ಬೇಸರ ಆದರೂ ಹೀಗೆಯೇ, ದಣಿದರೂ ಹೀಗೆಯೇ," ಎಂದರು ಟೀಚರ್, ನನಗೆ ಸಮಾಧಾನ ಹೇಳುವವರಂತೆ. "ನನಗೂ ಗೊತ್ತಾಗುವುದಿಲ್ಲ ಸಾರ್."

ಹಿಂದಿರುಗುವಾಗ ತಮ್ಮನನ್ನು ಕಾಪು ಪೇಟೆಯವರೆಗೆ ಬಿಟ್ಟೆ. ದಾರಿಯಲ್ಲಿ ಅವರು, ಆ ದಿನ ಹಾಗೆ ಕೇಳಿದ್ದು ತಪ್ಪಾಯಿತು ಎಂದು ಅಣ್ಣನಿಗೆ ಹೇಳಿದೆ ಎಂದರು. ಅವರಿಗೆ ಕೇಳಿಸುತ್ತದೆ ಎಂದು ಡಾಕ್ಟರುಗಳು ಹೇಳಿದ್ದಾರಲ್ಲ ಎಂದೆ ನಾನು. ಅವರು ಹೆದ್ದಾರಿಯ ಬದಿಯಲ್ಲಿ ಇಳಿದು ನಿಂತರು. ಬಸ್ಸು ಬಂತು. ಕಂಡಕ್ಟರ್ ಕೂಗಿದರೂ ಹತ್ತಲಿಲ್ಲ. ನನ್ನ ಕಾರಿನ ಕಿಟಕಿಗೆ ಬಗ್ಗಿ, "ಅವನು ಆ ಕಡೆ ತಿರುಗಿ ಮಲಗಿರುವಾಗ ನಾನು ಎದ್ದು ಬರಬಾರದಿತ್ತು," ಎಂದರು. ರಸ್ತೆ ದಾಟಿ ಒಂದು ರಿಕ್ಷಾ ಹಿಡಿದು ಇನ್ನಂಜೆಯ ಕಡೆಗೆ ಹೋದರು. ಜೊತೆಗೆ ಬರಲೇ ಎಂದು ಕೇಳುವ ಹಕ್ಕು ನನಗಿಲ್ಲ ಎನಿಸಿತು.

ಡಾಕ್ಟರಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಕಾರು ತೆಗೆದುಕೊಳ್ಳುತ್ತೇನೆ ಎಂದು ಅವರು ಎರಡು ಸಲ ಟೀಚರಿಗೆ ಫೋನ್ ಮಾಡಿದ್ದಾರೆ. ಈಗ ಬೇಡ, ಉಪ್ಪನನ್ನು ಕೇಳದೆ ಮಾರುವುದಿಲ್ಲ ಎಂದರಂತೆ. ಹಾಜಿಯವರು ಈ ಕಡೆ ತಿರುಗಿದರೇ ಎಂದು ನಾನೂ ಒಂದು ಫೋನ್ ಮಾಡಿ ಕೇಳಬಹುದು. ಮೊಬೈಲಿನಲ್ಲಿ ಟೀಚರ್ ಹೆಸರು ತೆರೆಯುತ್ತೇನೆ, ಒತ್ತುವುದಿಲ್ಲ.